ಸೋರುವ ಮಾಳಿಗೆಯ ಪದ

ದುಃಖದ ಹಾಡನ್ನು ದುಡ್ಡು ಕೊಟ್ಟು ಯಾರು ಕೇಳುತ್ತಾರೆ? ಹಾಡಿನ ವ್ಯಾಪಾರಿಗಳಿಗೆ ಈ ಸಂಶಯ ಎಲ್ಲ ಕಾಲಕ್ಕೂ ಇದ್ದದ್ದೇ. ಇಂಗ್ಲೆಂಡಿನಲ್ಲಿ ಗಾಥಿಕ್ ರಾಕ್ ಎಂಬ ಬಗೆಯ ಸಂಗೀತ ಹುಟ್ಟಿತು. ಕಪ್ಪು ಬಟ್ಟೆ, ಕಣ್ಣಿಗೆ ದಪ್ಪ ಕಾಡಿಗೆ, ಹಾಡಿನ ತುಂಬ ಕತ್ತಲೆ. ಆ ಬಗೆಯಲ್ಲಿ ಹೆಸರಾದ 'ದಿ ಕ್ಯೂರ್' ತಂಡ 1989ರಲ್ಲಿ 'ಡಿಸ್‌ಇಂಟಿಗ್ರೇಷನ್' ಎಂಬ ಆಲ್ಬಂ ತಂದಿತು. ಶಿಥಿಲವಾಗಿ ಬೀಳುವುದು ಎಂದು ಆ ಹೆಸರಿನ ಅರ್ಥ. ಮೂವತ್ತು ತುಂಬಲಿದ್ದ ಹಾಡುಗಾರ ರಾಬರ್ಟ್ ಸ್ಮಿತ್‌ನ ಕಳವಳ ಅದು. ಮೂವತ್ತಕ್ಕೇ ಇಷ್ಟೇ ಎಂದು ಐವತ್ತು ದಾಟಿದ ನಾವು ನಗಬಹುದು. ಇದು ನಡೆಯುವುದಿಲ್ಲವೆಂದು ಅಮೆರಿಕದ ರೆಕಾರ್ಡ್ ಕಂಪನಿ ಅಂಜಿತ್ತಂತೆ. ಆದರೆ ಮೂವತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಇಂಥ ಕಥೆಗಳನ್ನೆಲ್ಲ ನನಗೆ ಹೇಳುವವನು ತಂಗಿಯ ಮಗ.

ಶಿಥಿಲವಾಗುವ ಹಾಡು ನಮ್ಮ ತಾಜಸುಲ್ತಾನಪುರದವರಿಗೆ ಹೊಸದೇನಲ್ಲ. ಸತ್ತವರ ಮುಂದೆ ಬೆಳತನಕ ಭಜನೆ ನಡೆಯುವ ನಾಡಿದು. ಏಕತಾರಿ, ದಮ್ಮಡಿ, ತಾಳ. ಒಮ್ಮೆ ಕಡಕೋಳ ಮಡಿವಾಳಪ್ಪನವರ ಪದ, ಒಮ್ಮೆ ಶಿಶುನಾಳ ಶರೀಫರ ಪದ. ಮನೆಯ ಮಾಳಿಗೆ ಸೋರುತ್ತಿದೆ, ಜಂತಿಗೆ ಹುಳು ಹಿಡಿದಿದೆ, ಕತ್ತಲಲ್ಲಿ ಮೇಲೆ ಹತ್ತಲಾರೆ ಎಂಬ ಶರೀಫರ ಪದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣಿನ ಮಾಳಿಗೆಯ ಕೆಳಗೆ ಬಾಳಿದ ಹೆಂಗಸಿಗೆ ಗೊತ್ತು: ಎಲ್ಲಿ ಬೋಗುಣಿ ಇಡಬೇಕು, ಎಲ್ಲಿಂದ ಹಾಸಿಗೆ ಎಳೆಯಬೇಕು. ಆ ಮನೆ ಈ ದೇಹವೇ ಎನ್ನುವುದೂ ಗೊತ್ತು. ನಮ್ಮ ಅವ್ವ ತೀರಿದ ರಾತ್ರಿ ಅದೇ ಪದ ಹಾಡಿದ್ದರು.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರಲ್ಲಿ ತಂದ ಮೊದಲ ಆಲ್ಬಮಿನಲ್ಲಿ ಈ ಪದವೂ ಇದೆ, ಶರೀಫರ ಗುಡುಗುಡಿಯ ಪದವೂ ಇದೆ. ಗಿಟಾರು, ಪಿಟೀಲು, ಡ್ರಮ್ಮು. 2011ರಲ್ಲಿ ಲಂಡನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆ ಅವರಿಗೆ ಹೊಸಬರ ಪ್ರಶಸ್ತಿ ಕೊಟ್ಟಿತು. ಕನ್ನಡ ತಿಳಿಯದವರೂ ಎದ್ದು ಕುಣಿದರು.

"ದೊಡ್ಡವ್ವಾ, ನಿಮ್ಮ ಶರೀಫರದೇ ಪದ ಅದ, ಕೇಳ್ರಿ" ಎಂದು ಹುಡುಗ ನಮ್ಮ ಅಂಗಳದಲ್ಲಿ ಅದನ್ನು ಜೋರಾಗಿ ಹಚ್ಚಿದ. ಪಕ್ಕದ ಮನೆಯ ಮುದುಕಿ ಹೊಚ್ಚಲಿಗೆ ಬಂದು, "ಹೆಣದ ಮುಂದಿನ ಪದಕ್ಕ ಕುಣೀತಾರೇನವಾ?" ಎಂದಳು. ಎಲ್ಲ ವಿಮರ್ಶಕರಿಗಿಂತ ಗಟ್ಟಿ ಪ್ರಶ್ನೆ ಅದು. ಹುಡುಗ ಸಪ್ಪಗಾಗಿ ದನಿ ತಗ್ಗಿಸಿದ.

ನನಗೂ ಎದೆಯೊಳಗೆ ಚುಚ್ಚಿತ್ತು. ಆದರೂ ಅವ್ವನ ರಾತ್ರಿ ನೆನೆದರೆ, ಬೆಳಕು ಹರಿಯುವ ಹೊತ್ತಿಗೆ ದಮ್ಮಡಿಯ ಗತ್ತು ಏರಿತ್ತು. ಅತ್ತು ಸೋತವರ ತಲೆಗಳು ತಾವಾಗಿ ತೂಗುತ್ತಿದ್ದವು. ನನ್ನದೂ ತೂಗಿತ್ತು. ಅದನ್ನು ಯಾರೂ ತಪ್ಪೆನ್ನಲಿಲ್ಲ. ಅಳುವವರನ್ನು ಬೆಳಗಿನತನಕ ದಾಟಿಸುವುದೇ ಆ ಪದದ ಕೆಲಸವಾಗಿತ್ತು. ಡ್ರಮ್ಮಿನ ಜೊತೆಗೂ ಅದು ಯಾರನ್ನೋ ದಾಟಿಸುತ್ತಿರಬಹುದು.

"ಸ್ವಲ್ಪ ದನಿ ಏರಿಸಪ್ಪಾ" ಎಂದೆ. ಮುದುಕಿ ಒಳಗೆ ಹೋಗಲಿಲ್ಲ. ಹೊಚ್ಚಲ ಮೇಲೆ ಕುಳಿತು ಪದ ಮುಗಿಯುವತನಕ ಕೇಳಿದಳು. ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.