ವಿಮಾನದ ಬಾಲ

ಬಾಲವೆಂದರೆ ನಮಗೆ ತಾತ್ಸಾರ. ತುಂಟ ಹುಡುಗನಿಗೆ ‘ಬಾಲ ಬಿಚ್ಚಬೇಡ’ ಎನ್ನುತ್ತೇವೆ. ದೊಡ್ಡವರ ಹಿಂದೆ ಅಲೆಯುವವನನ್ನು ಬಾಲವೆಂದೇ ಕರೆಯುತ್ತೇವೆ. ಬಾಲದ ಮಹಿಮೆಯನ್ನು ಚೆನ್ನಾಗಿ ಅರಿತವನು ಲಂಕೆಯ ರಾವಣ. ಅವನ ತರುವಾಯ ನನ್ನ ಸೋದರಮಾವ. ಅವರು ವಿಮಾನದ ಮೆಕ್ಯಾನಿಕ್.

ಮಾವ ನೋಡಿಕೊಳ್ಳುತ್ತಿದ್ದುದು ಒಂದು ಹಳೆಯ ಪೈಪರ್ ಕಬ್ ಜೆ-3. ಅಮೆರಿಕದಲ್ಲಿ 1947ರಲ್ಲಿ ಇದರ ತಯಾರಿಕೆ ನಿಲ್ಲುವ ಹೊತ್ತಿಗೆ ಸುಮಾರು 20,000 ವಿಮಾನಗಳು ಹೊರಬಂದಿದ್ದವು. ಉಕ್ಕಿನ ಕೊಳವೆಗಳ ಮೈ, ಅದಕ್ಕೆ ಬಟ್ಟೆಯ ಹೊದಿಕೆ, ಎರಡು ಆಸನ, 65 ಅಶ್ವಶಕ್ತಿಯ ಎಂಜಿನ್. ಮುಂದೆ ಎರಡು ದೊಡ್ಡ ಗಾಲಿಗಳು, ಬಾಲದಡಿ ಒಂದು ಪುಟ್ಟ ಗಾಲಿ. ನಮ್ಮ ಬೆಂಗಳೂರಿನಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ಪುಷ್ಪಕ್ ವಿಮಾನವೂ ಇದೇ ಜಾತಿಯದು.

ಇಂಥ ವಿಮಾನದ ಗುರುತ್ವಕೇಂದ್ರ ದೊಡ್ಡ ಗಾಲಿಗಳಿಗಿಂತ ಹಿಂದೆ ಇರುತ್ತದೆ. ನೆಲದ ಮೇಲೆ ಓಡುವಾಗ ತುಸು ಅಡ್ಡ ತಿರುಗಿದರೂ ಸಾಕು, ಬಾಲವು ಮೂತಿಯನ್ನು ಹಿಂದೆ ಹಾಕಲು ಹವಣಿಸುತ್ತದೆ. ವಿಮಾನ ಗಿರ್ರನೆ ಸುತ್ತಿ ರೆಕ್ಕೆಯನ್ನು ನೆಲಕ್ಕೆ ಬಡಿದುಕೊಳ್ಳಬಹುದು. ಅದನ್ನು ತಡೆಯಲು ಪೈಲಟ್ ಪೆಡಲು ಒತ್ತಿ ಚುಕ್ಕಾಣಿಯನ್ನು ತಿರುಗಿಸುತ್ತಾನೆ. ಚುಕ್ಕಾಣಿಯ ಬುಡದಿಂದ ಇಳಿದ ಎರಡು ಸರಪಳಿಗಳೂ ಸ್ಪ್ರಿಂಗುಗಳೂ ಬಾಲದ ಗಾಲಿಯನ್ನು ತಿರುಗಿಸುತ್ತವೆ.

“ಸ್ಪ್ರಿಂಗೇಕೆ ಮಾವ, ಗಟ್ಟಿ ಕಂಬಿಯನ್ನೇ ಬಿಗಿದರಾಗದೆ?” ಎಂದು ಕೇಳಿದ್ದೆ.

“ಗಾಲಿ ಕಲ್ಲಿಗೆ ಬಡಿದರೆ ಪೆಟ್ಟು ನೇರ ಚುಕ್ಕಾಣಿಗೇ ಹೋಗುತ್ತದಲ್ಲೋ! ನಡುವೆ ಪೆಟ್ಟು ನುಂಗುವವನೊಬ್ಬ ಬೇಕು.”

ಒಂದು ಭಾನುವಾರ ವಿಮಾನದ ಒಡೆಯರು ನೆಂಟರನ್ನು ಕರೆತಂದಿದ್ದರು. ಮಾವ ಸರಪಳಿಯ ಒಂದು ಕೊಂಡಿಯನ್ನು ತೋರಿಸಿ, “ಇವತ್ತು ಹಾರುವುದು ಬೇಡ ಸ್ವಾಮಿ” ಎಂದರು. ಉಜ್ಜಿ ಉಜ್ಜಿ ಅದು ಅರ್ಧ ಸವೆದಿತ್ತು. “ಇಷ್ಟು ಚೂರಿಗೆ ಇಷ್ಟು ರಂಪವೆ?” ಎಂದ ಒಡೆಯರ ಮುಖ ಕೆಂಪಾಯಿತು.

ಮಾವ ಉತ್ತರ ಕೊಡಲಿಲ್ಲ. ದೊಡ್ಡ ಗಾಲಿಗಳಿಗೆ ಮರದ ತುಂಡುಗಳನ್ನು ಅಡ್ಡ ಕೊಟ್ಟು, ಬಾಲವನ್ನೆತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಸವೆದದ್ದು ಒಂದೇ ಕಡೆಯಾದರೂ ಎರಡು ಕಡೆಗೂ ಹೊಸ ಸರಪಳಿ, ಹೊಸ ಸ್ಪ್ರಿಂಗು. ಆ ಜೋಡಿಯಲ್ಲಿ ಒಂದು ಇನ್ನೊಂದಕ್ಕಿಂತ ಗಡುಸು. ಎರಡೂ ಒಂದೇ ಬಗೆಯವಾದರೆ ಜೊತೆಯಾಗಿ ಕುಣಿದು ಗಾಲಿಯನ್ನು ಗಡಗಡ ನಡುಗಿಸಿಯಾವು. ಚುಕ್ಕಾಣಿಯನ್ನೂ ಗಾಲಿಯನ್ನೂ ನೇರಕ್ಕೆ ನಿಲ್ಲಿಸಿ, ಕೊಂಡಿಗಳನ್ನು ಎಣಿಸಿ ಸಿಕ್ಕಿಸಿದರು. ಬಿಗಿಯೂ ಅಲ್ಲ, ಜೋಲೂ ಅಲ್ಲ. ಬಾಲವನ್ನು ಇಳಿಸಿ ಮತ್ತೆ ನೋಡಿದರು, ಭಾರ ಬಿದ್ದಾಗ ಅಳತೆ ಬದಲಾಗುತ್ತದೆಂದು. ಚುಕ್ಕಾಣಿಯನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ ಪರೀಕ್ಷಿಸಿ, ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕುವಷ್ಟರಲ್ಲಿ ಸಂಜೆಯಾಯಿತು. ನೆಂಟರು ಹೊರಟುಹೋಗಿದ್ದರು.

ಮರುದಿನ ವಿಮಾನ ಹಾರಿತು, ಸುಖವಾಗಿ ಇಳಿಯಿತು. ಎಲ್ಲರೂ ಪೈಲಟಿನ ಕೈಕುಲುಕಿದರು. ಅನಾಹುತವಾದರೆ ಕಾರಣನಾದವನನ್ನು ಊರೆಲ್ಲ ಹುಡುಕುತ್ತದೆ; ಏನೂ ಆಗದಿದ್ದಾಗ ಅದಕ್ಕೆ ಕಾರಣನಾದವನನ್ನು ಹುಡುಕುವವರಾರು?

“ಅವರು ಅಷ್ಟು ಸಿಟ್ಟಾದರಲ್ಲ ಮಾವ, ನಿಮಗೆ ಬೇಸರವಾಗಲಿಲ್ಲವೆ?” ಎಂದೆ.

ಮಾವ ಕೈಯ ಗ್ರೀಸು ಒರೆಸಿಕೊಳ್ಳುತ್ತ ನಕ್ಕರು: “ಸಿಟ್ಟಾಗಲು ಅವರು ಇದ್ದಾರಲ್ಲ, ಅಷ್ಟು ಸಾಕು.”