ಯಾವ ಜನ ನೀವು?

ಬೀಗ ತೆಗೆಯುತ್ತಿದ್ದಂತೆ ಹೊಸ ಡಿಸ್ಟೆಂಪರಿನ ವಾಸನೆ ಮೂಗಿಗೆ ಅಡರುತ್ತದೆ. ಬೆಂಗಳೂರಿನ ವಿಜಯನಗರ, ಎರಡನೇ ಮಹಡಿ, ಒಂದು ಹಾಲು, ಒಂದು ರೂಮು. ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡ್ ನೋಡಿ ನೇರ ಒಳಗೆ ಬಂದಿದ್ದೀರಿ. ಅಡುಗೆಕಟ್ಟೆಯ ಮೇಲೆ ಅಂಗೈ ಇಡುತ್ತೀರಿ, ಕಲ್ಲು ತಣ್ಣಗಿದೆ. ನಲ್ಲಿ ತಿರುಗಿಸಿದರೆ ಒಂದೆರಡು ಸಲ ಕೆಮ್ಮಿ ನೀರು ಬಿಡುತ್ತದೆ. ಒಲೆ ಇಲ್ಲಿ, ಅವ್ವ ಬಂದರೆ ರೊಟ್ಟಿ ಬಡಿಯಲು ಜಾಗ ಅಲ್ಲಿ. ಸಿಂಧನೂರು ಬಿಟ್ಟು ನಾಲ್ಕು ವರ್ಷ, ಪಿಜಿಯ ಒಂದು ಮಂಚವೇ ನಿಮಗೆ ಮನೆ. ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ಸುಮ್ಮನೆ ನಿಲ್ಲುತ್ತೀರಿ.

"ಬಾಡಿಗೆ ಹದಿನಾಲ್ಕು ಸಾವಿರ. ಅಡ್ವಾನ್ಸ್ ಹತ್ತು ತಿಂಗಳದ್ದು. ಅಗ್ರಿಮೆಂಟು ಹನ್ನೊಂದು ತಿಂಗಳಿಗೆ," ಎನ್ನುತ್ತಾರೆ ಬಾಗಿಲಲ್ಲಿ ನಿಂತ ಓನರ್ ಆಂಟಿ.

ಒಂದು ಲಕ್ಷದ ನಲವತ್ತು ಸಾವಿರ. ಮುಂಗಡ ಎರಡು ತಿಂಗಳ ಬಾಡಿಗೆ ಮೀರಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ. ಇಲ್ಲಿ ಆ ಮಾತೆತ್ತಿದರೆ ಬೀಗ ಮತ್ತೆ ಬೀಳುತ್ತದೆ. ಅವ್ವ ಬೋರಮಾಳ ಅಡವಿಟ್ಟು ಕಳಿಸಿದ ದುಡ್ಡು ನೆನೆದು "ಹ್ಞೂಂ ಆಂಟಿ" ಎನ್ನುತ್ತೀರಿ.

"ನಾನ್‌ವೆಜ್ ಮಾಡ್ತೀಯಾ?"

"ಮನೇಲಿ ಮಾಡಲ್ಲ ಆಂಟಿ." ಇಷ್ಟು ಬಿಟ್ಟುಕೊಟ್ಟರೆ ಮುಗಿಯಿತು ಅಂದುಕೊಳ್ಳುತ್ತೀರಿ.

"ತಪ್ಪು ತಿಳ್ಕೋಬೇಡಮ್ಮ. ಯಾವ ಜನ ನೀವು?"

ಈ ಪ್ರಶ್ನೆ ಈ ಊರಲ್ಲಿ ಗದರಿಸಿಕೊಂಡು ಬರುವುದಿಲ್ಲ, ನಗುತ್ತಲೇ ಬರುತ್ತದೆ. ತಡೆಯಲು ಕೈ ಎತ್ತುವಷ್ಟರಲ್ಲಿ ಏಟು ಬಿದ್ದಿರುತ್ತದೆ. ಕಿವಿ ಸುಡುತ್ತದೆ. ನಾಲಿಗೆ ಅಂಗುಳಿಗೆ ಅಂಟುತ್ತದೆ. ಕೆಳಗೆ ಸಂಪಿನ ಮೋಟಾರು ಗುಂಯ್‌ಗುಡುತ್ತಿದೆ. ಬೇರೆ ಜಾತಿಯ ಹೆಸರೊಂದನ್ನು ರೂಮಿನ ಗೆಳತಿ ಬೆಳಿಗ್ಗೆಯೇ ಬಾಯಿಪಾಠ ಮಾಡಿಸಿದ್ದಾಳೆ. ಅಂದುಬಿಡಿ. ಈ ಬಿಸಿಲು, ಈ ಕಟ್ಟೆ, ಈ ನಲ್ಲಿ ನಿಮ್ಮದು.

ಅವ್ವ ಬಂದರೆ? ಟ್ರಂಕಿನಲ್ಲಿರುವ ಬಾಬಾಸಾಹೇಬರ ಫೋಟೊ? ಅದನ್ನು ಯಾವ ಗೋಡೆಗೆ ಹಾಕುತ್ತೀರಿ? 1917ರಲ್ಲಿ, ಅಮೆರಿಕದಲ್ಲಿ ಓದಿ ಬರೋಡದ ನೌಕರಿಗೆ ಬಂದ ಅವರಿಗೂ ಸೂರು ಸಿಕ್ಕಿರಲಿಲ್ಲ. ಪಾರ್ಸಿ ಹೆಸರಿನಲ್ಲಿ ಪಾರ್ಸಿಗಳ ವಸತಿಗೃಹವೊಂದರಲ್ಲಿ ಉಳಿದರು. ಹನ್ನೊಂದನೇ ದಿನ ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದು. ಬಂದವರ ಕೈಯಲ್ಲಿ ಕೋಲುಗಳಿದ್ದವು. ನಿಮ್ಮದು ಹನ್ನೊಂದು ತಿಂಗಳು. ಮೆಟ್ಟಿಲಲ್ಲಿ ಸದ್ದಾದಾಗಲೆಲ್ಲ ಉಸಿರು ಬಿಗಿಹಿಡಿಯುವ ಹನ್ನೊಂದು ತಿಂಗಳು.

ಹೇಳುತ್ತೀರಿ. ನಿಮ್ಮ ಜಾತಿಯನ್ನೇ ಹೇಳುತ್ತೀರಿ. ದನಿ ನಡುಗುವುದಿಲ್ಲ, ಮೊಣಕಾಲು ನಡುಗುತ್ತದೆ.

ಆಂಟಿಯ ಬೆರಳುಗಳು ಕೀಗೊಂಚಲಿನ ಸುತ್ತ ಮುಚ್ಚಿಕೊಳ್ಳುತ್ತವೆ. "ಅಯ್ಯೋ, ನಮಗೆ ಅದೆಲ್ಲ ಏನೂ ಇಲ್ಲಮ್ಮ. ಯಜಮಾನ್ರನ್ನ ಒಂದು ಮಾತು ಕೇಳಿ ಫೋನ್ ಮಾಡ್ತೀನಿ."

ಚಪ್ಪಲಿ ಮೆಟ್ಟಿಕೊಂಡು ಇಳಿಯುತ್ತೀರಿ. ಮೊದಲ ಮಹಡಿ ದಾಟುವಾಗ ಮೇಲೆ ಬೀಗ ಬಿದ್ದದ್ದು ಕೇಳಿಸುತ್ತದೆ. ಅಂಗೈಯಲ್ಲಿ ಆ ಕಲ್ಲಿನ ತಂಪು ಇನ್ನೂ ಇದೆ. ಗೇಟು ಎಳೆದುಕೊಳ್ಳುವಾಗ ಹೊಳೆಯುತ್ತದೆ: ಅವರು ನಿಮ್ಮ ನಂಬರನ್ನೇ ಕೇಳಲಿಲ್ಲ.