ಒಂದು 'ಅಲ್ಲ'



ಮ್ಯಾಡ್ರಿಡ್‌ಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಬಾರ್‌ಗೆ ಹೋದೆ. ಇಲ್ಲಿ ಬಾರ್ ಅಂದ್ರೆ ಬರೀ ಹೆಂಡದಂಗಡಿ ಅಲ್ಲ, ಕಾಫಿ ತಿಂಡಿಯೂ ಅಲ್ಲೇ. ಬೀದಿ ಗುಡಿಸೋ ಅಣ್ಣ ಸಮವಸ್ತ್ರದಲ್ಲೇ ಬಂದು ಪಕ್ಕ ನಿಂತು 'ಬ್ವೆನೊಸ್ ದಿಯಾಸ್' ಅಂದ. ಕೋಟು ಹಾಕಿದವರೂ ತಿರುಗಿ ಹೇಳಿದರು. ಅವನಿಗೂ ಅದೇ ಕಪ್ಪು. ನಮ್ಮೂರ ಹೋಟೆಲಿನ ಹೊರಗೆ ಅಪ್ಪ ಕುಡಿದು ತಾನೇ ತೊಳೆದಿಡಬೇಕಿದ್ದ ಲೋಟ ನೆನಪಾಗಿ ಗಂಟಲು ಕಟ್ಟಿತು.

ಆಮೇಲೆ ಬಾಡಿಗೆ ಮನೆ ಹುಡುಕಿದೆ. ಮಾಲೀಕ ನನ್ನ ಬಣ್ಣ ನೋಡಿ ಕೇಳಿದ: "ನೀವು ಹಿತಾನೊ ಅಲ್ವಲ್ಲ?"

ಹಿತಾನೊ ಅಂದ್ರೆ ಇಲ್ಲಿನ ರೋಮಾ ಜನ. ಅವರ ಪೂರ್ವಜರು ಶತಮಾನಗಳ ಹಿಂದೆ ಭಾರತದಿಂದಲೇ ಹೊರಟವರು. 1749ರ ಜುಲೈನಲ್ಲಿ ಇಲ್ಲಿನ ರಾಜಸತ್ತೆ ಸಾವಿರಾರು ಹಿತಾನೊಗಳನ್ನು ಒಟ್ಟಿಗೇ ಹಿಡಿದು, ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿ ಸೆರೆಗೆ ತಳ್ಳಿತ್ತು. ಇವತ್ತು ಅವರ ಫ್ಲಮೆಂಕೊಗೆ ಚಪ್ಪಾಳೆ, ಅವರಿಗೆ ಮನೆ ಇಲ್ಲ. ತಮಟೆ ಬೇಕು, ಬಡಿಯೋನು ಬೇಡ. ಗೊತ್ತಲ್ಲ ನಮಗೆ ಈ ಕಥೆ?

"ಅಲ್ಲ" ಅಂದೆ. ಮನೆ ಸಿಕ್ತು.

ಬೆಂಗಳೂರಲ್ಲಿ ಜಾತಿ ಕೇಳಿದಾಗ ನಿಜ ಹೇಳಿ, ಮನೆ ಸಿಗದೆ ತಲೆ ಎತ್ತಿ ವಾಪಸ್ ಬಂದವನು ನಾನು. ಇಲ್ಲೂ ಹೇಳಿದ್ದು ನಿಜಾನೇ. ಆದ್ರೆ 'ಯಾಕೆ ಕೇಳ್ತೀಯಪ್ಪಾ' ಅನ್ನಲಿಲ್ಲ. ಬೀಗದ ಕೈ ತಿರುಗಿಸುವಾಗೆಲ್ಲ ಅದು ಚುಚ್ಚುತ್ತೆ.